ಮೂರು ಬಡಿತ

"ನಾರ್ತಿದ್ದೀರಿ!" ಎಂದ ಅವನು. "ನಿಮ್ಮ ಹೆಂಡ್ತಿ ಹೇಳಲ್ಲ, ನಿಮ್ಮ ಗೆಳೆಯ ಹೇಳಲ್ಲ. ನಾನು ಹೇಳ್ತೀನಿ. ಯಾಕಂದ್ರೆ ನಿಮ್ಮನ್ನ ನಿಜವಾಗಿ ಪ್ರೀತಿಸೋನು ನಾನೊಬ್ಬನೇ. ನಾರ್ತಿದ್ದೀರಿ! ಆದ್ರೆ ಆ ನಾತ ತೊಗಲಿಂದಲ್ಲ, ನಿಮ್ಮ ಯೋಚನೆದು. ಸೋಲಿನ ನಾತ ಅದು!"

ಹೀಗೆಂದು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ. ಯೋಚನೆಯ ನಾತಕ್ಕೆ ಅಷ್ಟೊಂದು ಅತ್ತರು ಬಳಿದ ಕರವಸ್ತ್ರ ಯಾಕೆ ಬೇಕಾಯಿತು ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ತೊಗಲು ಹದ ಮಾಡುವ ಆ ಕಾರ್ಖಾನೆಯ ಗಂಡಸರು ಹೆಂಗಸರೆಲ್ಲ, ಉಪ್ಪು ಹಚ್ಚಿದ ಹಸಿ ತೊಗಲಿನ ಕಟ್ಟುಗಳನ್ನು ಮೂಲೆಗೆ ಒತ್ತರಿಸಿ, ತೊಳೆದ ನೆಲದ ಮೇಲೆ ಸಾಲಾಗಿ ನಿಂತಿದ್ದರು. ಕಾಲಿಗೆ ರಬ್ಬರ್ ಬೂಟು, ಎದೆಯಿಂದ ಕೆಳಗೆ ರಬ್ಬರ್ ಹೊದಿಕೆ. ಅವರೆದುರು ಅವನು ಕೆನ್ನೆಗೆ ಜೋಳದ ಕಾಳಿನಷ್ಟು ಮೈಕು ಅಂಟಿಸಿಕೊಂಡು, ಬಿಳಿ ಬೂಟು ತೊಟ್ಟು, ಬಿಸಿ ಬೂದಿ ತುಳಿದವನ ಹಾಗೆ ಒಂದು ಕಡೆ ನಿಲ್ಲದೆ ಕುಣಿಯುತ್ತಿದ್ದ. ಬದುಕಿನಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವುದೇ ಅವನ ಕಸುಬು. ಹೋದ ಸಲ ಬಂದು ಹೋದಾಗಲೇ ಹೆಂಗಸರು ಅವನಿಗೆ ಕೆನ್ನೆಮೈಕು ಎಂದು ಹೆಸರಿಟ್ಟಿದ್ದರು. ಆಗ ಆ ಹೆಸರು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಈಗ ಯಾರೂ ನಗುತ್ತಿರಲಿಲ್ಲ.

"ಎಲ್ಲಿ, ಗೆಲುವಿನ ಚಪ್ಪಾಳೆ! ಮರೆತಿಲ್ಲ ತಾನೇ? ಒಂದು, ಎರಡು, ಮೂರು!"

ಕೈಗಳು ಒಲ್ಲದ ಮನಸ್ಸಿನಿಂದ ಎದ್ದವು, ಬಿದ್ದವು. ಹೆಂಗಸರ ಸಾಲಿನ ಕೊನೆಯಲ್ಲಿದ್ದ ಅಕ್ಕನ ಕೈಗಳೂ ಎದ್ದವು. ಅಷ್ಟೇ, ನಡುದಾರಿಯಲ್ಲೇ ನಿಂತುಬಿಟ್ಟವು. ತೊಗಲಿನ ಒಳಮೈಗೆ ಅಂಟಿದ ಕೊಬ್ಬು ಮಾಂಸ ಹೆರೆಯುವ ಕೆಲಸದಲ್ಲಿ ಕೂದಲು ನರೆಸಿಕೊಂಡವಳು ಅವಳು. ಹೆರೆಯೋ ಅಕ್ಕ, ಹೆರೆಯೋ ಅಕ್ಕ ಎಂದು ಕರೆದು ಕರೆದು ಈಗ ಬರೀ ಅಕ್ಕ ಉಳಿದಿತ್ತು.

"ಏನಮ್ಮಾ, ಕೈಗೆ ಲಕ್ವ ಹೊಡೀತಾ?" ಎಂದ ಕೆನ್ನೆಮೈಕು.

ಮೇನೇಜರು ಓಡಿಬಂದು ಅವನ ಕಿವಿಯಲ್ಲಿ ಏನೋ ಊದಿದ. ಕೆನ್ನೆಮೈಕಿನ ಮುಖ ಥಟ್ಟನೆ ಬದಲಾಯಿತು. ಕರುಣೆಯೂ ಅವನಿಗೆ ಕುಣಿತದಷ್ಟೇ ರೂಢಿ ಇತ್ತು.

"ಓ, ಇವರೇನಾ? ಆ ಸತ್ತ ಹುಡುಗನ ಅಕ್ಕ? ಎಲ್ಲರೂ ಇವರನ್ನ ನೋಡಿ. ನಾಳೆ ಇವರೇ ನಮ್ಮ ನಾಯಕಿ!"

ಯಾರೂ ನೋಡಲಿಲ್ಲ. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು.

ಆ ಕಾರ್ಖಾನೆಯ ಪೀಪಾಯಿಗಳನ್ನು ಕಾಣದವರಿಗೆ ಇಲ್ಲೊಂದು ಮಾತು ಹೇಳಿಬಿಡಬೇಕು. ಪೀಪಾಯಿ ಅಂದರೆ ಎಣ್ಣೆ ಪೀಪಾಯಿ ಅಲ್ಲ. ಒಂದು ಸಂಸಾರ ಒಳಗೆ ಕೂತು ಉಣ್ಣಬಹುದಾದಷ್ಟು ದೊಡ್ಡ ಮರದ ಪೀಪಾಯಿ. ಅಡ್ಡಡ್ಡ ಮಲಗಿಸಿ ಅಚ್ಚಿಗೆ ಸಿಕ್ಕಿಸಿದ್ದು. ಒಳಗೆ ತೊಗಲು, ನೀರು, ಸುಣ್ಣ, ಔಷಧಿ ತುಂಬಿ ವಿದ್ಯುತ್ತು ಕೊಟ್ಟರೆ ಗಡಗಡ ಉರುಳುತ್ತದೆ. ತೊಗಲನ್ನು ಎತ್ತಿ ಎತ್ತಿ ಒಗೆಯಲೆಂದು ಒಳಗೋಡೆಯ ತುಂಬ ಮರದ ಗೂಟಗಳು. ನೀರು ಬಸಿದ ಮೇಲೂ ನೆಂದ ತೊಗಲುಗಳು ಒಂದಕ್ಕೊಂದು ಹೆಣೆದುಕೊಂಡು ಒಳಗೇ ಕೂರುತ್ತವೆ. ಆಗ ಒಬ್ಬ ಮನುಷ್ಯ ಅದರ ಬಾಯಿಯಿಂದ ನುಸುಳಿ, ಕೊಕ್ಕೆ ಹಾಕಿ ಎಳೆದು ಹೊರಗೆ ದಬ್ಬಬೇಕು. ಬಾಯಿ ಇಕ್ಕಟ್ಟು. ಅಕ್ಕನ ತಮ್ಮ ಹುಟ್ಟಿದಾಗಿನಿಂದಲೂ ಕಡ್ಡಿಯ ಹಾಗಿದ್ದ, ಕಡ್ಡಿ ಎಂದೇ ಕರೆಸಿಕೊಂಡ; ಈ ಕೆಲಸ ಅವನನ್ನೇ ಹುಡುಕಿಕೊಂಡು ಬಂತು.

ಅಕ್ಕಪಕ್ಕದ ಪೀಪಾಯಿಗಳ ಸದ್ದಿನಲ್ಲಿ ಒಳಗಿನವನು ಗಂಟಲು ಹರಿದುಕೊಂಡರೂ ಹೊರಗೆ ಕೇಳಿಸುವುದಿಲ್ಲ. ಅದಕ್ಕೆಂದೇ ಅಜ್ಜಂದಿರ ಕಾಲದಿಂದ ಒಂದು ಕಟ್ಟಳೆ ಇತ್ತು. ನಾನು ಒಳಗಿದ್ದೇನೆ ಎನ್ನಲು ಒಳಗಿನವನು ಕೊಕ್ಕೆಯ ಹಿಡಿಯಿಂದ ಮರಕ್ಕೆ ಮೂರು ಸಲ ಬಡಿಯುತ್ತಾನೆ. ಗೋಡೆಯ ಮೇಲೆ ಒಂದೊಂದು ಪೀಪಾಯಿಗೂ ಒಂದೊಂದು ಸಣ್ಣ ಹಿಡಿಕೆ, ಇಡೀ ಕಾರ್ಖಾನೆಯ ವಿದ್ಯುತ್ತಿಗೆ ಒಂದು ದೊಡ್ಡ ಹಿಡಿಕೆ. ಮೂರು ಬಡಿತ ಕಿವಿಗೆ ಬಿತ್ತೋ, ದೊಡ್ಡ ಹಿಡಿಕೆ ಇಳಿಯಬೇಕು. ಎಲ್ಲ ಪೀಪಾಯಿಗಳೂ ನಿಲ್ಲಬೇಕು, ಯಾರೂ ಕದಲಬಾರದು, ಪಿಟಕ್ಕೆನ್ನಬಾರದು. ಒಳಗಿದ್ದವನು ಬಾಯಿಂದ ಮುಖ ಹೊರಗೆ ಹಾಕಿ ತೋರಿಸುವವರೆಗೂ ಹಿಡಿಕೆ ಏಳಬಾರದು, ಧಣಿಯೇ ಎದುರು ನಿಂತು ಬೈದರೂ ಸರಿಯೇ. ಬೇರೆ ಯಾರೇ ಆಗಲಿ ಮುಖ ತೋರಿಸಿ ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದರು. ಕಡ್ಡಿ ಮಾತ್ರ ಅಷ್ಟು ದೂರದಲ್ಲಿ ಕತ್ತಿ ಹಿಡಿದು ನಿಂತ ಅಕ್ಕನನ್ನು ಹುಡುಕಿ, ನಾಲಿಗೆ ಚಾಚಿ ಅಣಕಿಸಿಯೇ ಇಳಿಯುತ್ತಿದ್ದ. ಮದುವೆಯಾದ ಮೇಲೂ ಆ ಚಾಳಿ ಬಿಡಲಿಲ್ಲ.

ಹಿಡಿಕೆಗಳ ಕಾವಲು ಮಾವನದು. ಯಾರಿಗೂ ಮಾವನಲ್ಲ, ಎಲ್ಲರಿಗೂ ಮಾವ. ಕೆನ್ನೆಮೈಕು ಮೊದಲ ಸಲ ಬಂದು ಗೆಲುವಿನ ಚಪ್ಪಾಳೆ ಕಲಿಸಿದಾಗ, ಇಡೀ ಕಾರ್ಖಾನೆಯಲ್ಲಿ ಬಾಯಿ ತೆರೆದವನು ಅವನೊಬ್ಬನೇ. ಕೆಲಸ ಶುರುವಾಗುವಾಗ ಮೂರು ಚಪ್ಪಾಳೆ, ಒಂದೊಂದು ರಾಶಿ ಮುಗಿದಾಗಲೂ ಮೂರು ಚಪ್ಪಾಳೆ. ಒದ್ದೆ ಕೈಗವಸಿನಲ್ಲಿ ಚಪ್ಪಾಳೆ ಬರೀ ಪಚಪಚ ಅನ್ನುತ್ತಿತ್ತು. "ಕೈಯಲ್ಲಿರೋದ್ರಿಂದ ಬಡೀರಿ! ಮರಕ್ಕೆ ಬಡೀರಿ, ತಗಡಿಗೆ ಬಡೀರಿ! ಗೆಲುವು ಕಾರ್ಖಾನೆಗೆಲ್ಲ ಕೇಳಿಸ್ಲಿ!" ಎಂದು ಅವನು ಕುಣಿದ.

"ಸಾರ್, ಮೂರು ಬಡಿತ ಒಳಗಿರೋನ್ದು," ಎಂದಿದ್ದ ಮಾವ, ಟೋಪಿ ಕೈಯಲ್ಲಿ ಹಿಡಿದು. "ಬೇಕಾದ್ರೆ ನಾಲ್ಕು ಮಾಡಿ, ಐದು ಮಾಡಿ. ಮೂರು ಬೇಡ."

ಕೆನ್ನೆಮೈಕಿಗೆ ಇಂಥವನೊಬ್ಬ ಬೇಕೇ ಆಗಿತ್ತು. ಮಾವನನ್ನು ಕುರ್ಚಿಯ ಮೇಲೆ ಹತ್ತಿಸಿ ನಿಲ್ಲಿಸಿದ. "ನೋಡಿ, 'ಬೇಡ' ಅನ್ನೋ ಮನುಷ್ಯ ಹೀಗಿರ್ತಾನೆ. ಈ ವಯಸ್ಸಿಗೂ ಹಿಡಿಕೆ ಹಿಡ್ಕೊಂಡೇ ನಿಂತಿದ್ದಾನೆ. ಯಾಕೆ? ಬೇಡ, ಬೇಡ, ಬೇಡ! ಎಲ್ಲರೂ ಇವರಿಗೋಸ್ಕರ ಬಡೀರಿ, ಇವರೊಳಗಿನ ಬೇಡ ಹೊರಗೆ ಬರ್ಲಿ!" ಎಲ್ಲರೂ ಬಡಿದರು. ಕಡ್ಡಿಯೂ ಬಡಿದ, ಅಕ್ಕನೂ ಬಡಿದಳು. ಸುಳ್ಳೇಕೆ ಹೇಳಬೇಕು, ಒಳ್ಳೇ ಮಜವಾಗಿತ್ತು. ಮುದುಕ ಕುರ್ಚಿಯ ಮೇಲೆ ಟೋಪಿ ಹಿಡಿದೇ ನಿಂತಿದ್ದ. ಕೊನೆಗೆ ತಾನೂ ಕೈ ತಟ್ಟಿದ ಮೇಲೆಯೇ ಅವನನ್ನು ಇಳಿಯಗೊಟ್ಟಿದ್ದು.

ಆಮೇಲೆ ಹೊತ್ತುಹೊತ್ತಿಗೂ ಮೂರು ಬಡಿತ. ಕಿವಿ ಅದಕ್ಕೆ ಒಗ್ಗಿಹೋಯಿತು. ಕಡ್ಡಿ ದೊಡ್ಡ ಪೀಪಾಯಿಯ ಒಳಗಿದ್ದಾಗಲೇ ಅದು ಉರುಳಿದ ದಿನ, ಮೇಸ್ತ್ರಿ ಹೇಳಿದ್ದು ಒಂದೇ ಮಾತು: ಅವನು ಬಡಿಯಲೇ ಇಲ್ಲ, ಮರೆತ. ಅದೇ ಮಾತು ಮೇನೇಜರ ಬಾಯಲ್ಲಿ ಬಂತು, ವಿಚಾರಣೆಗೆ ಬಂದ ಅಧಿಕಾರಿಯ ಬಾಯಲ್ಲಿ ಬಂತು, ಕೊನೆಗೆ ಕಡ್ಡಿಯ ಹೆಂಡತಿಯ ಕಿವಿಗೂ ಮುಟ್ಟಿತು. ಮಾವ ಅಂದಿನಿಂದ ಮಾತು ಬಿಟ್ಟ. ದೊಡ್ಡ ಪೀಪಾಯಿಯ ಹತ್ತಿರ ಯಾರೂ ಸುಳಿಯದಾದರು. ಬೈದರು, ಹೊಡೆಯಲು ಕೈ ಎತ್ತಿದರು. ಒಬ್ಬ ಗಂಡಸೂ ಅದರೊಳಗೆ ತಲೆ ಹಾಕಲಿಲ್ಲ. ಕಡ್ಡಿಯ ಜೊತೆ ಹೊರಗೆ ತೆಗೆದ ಅವನ ಕೊಕ್ಕೆ ಅದರ ಪಕ್ಕದ ಮೊಳೆಯಲ್ಲಿ ತೂಗುಹಾಕಿದಲ್ಲೇ ಇತ್ತು. ಅದಕ್ಕೇ ಕೆನ್ನೆಮೈಕು ಎರಡನೇ ಸಲ ಬಂದದ್ದು.

ಮೇನೇಜರ ಕೋಣೆಯಲ್ಲಿ ಅಕ್ಕನ ಬೂಟಿನ ಕೆಳಗೆ ಹಾಸಲು ಹಳೇ ಪೇಪರು ತರಿಸಿದರು. ನೆಲಕ್ಕೆ ಹೊಸದಾಗಿ ಹೊಳಪು ಹಾಕಿದ್ದರು. ಪೇಪರು ಹಾಸಿದಷ್ಟೇ ಜಾಗದಲ್ಲಿ ಅಕ್ಕ ನಿಂತಳು. ಕೆನ್ನೆಮೈಕು ಮೇಜಿನ ತುದಿಗೆ ಕೂತು ಕಾಲಾಡಿಸುತ್ತಿದ್ದ.

"ನಾಳೆ ನಮ್ಮ ಮಾಲು ಕೊಳ್ಳೋರು ಬರ್ತಾರೆ," ಎಂದ ಮೇನೇಜರು. "ಆ ಪೀಪಾಯಿ ಯಾಕೆ ನಿಂತಿದೆ ಅಂತ ಕೇಳ್ತಾರೆ. ಅವರೆದುರಿಗೆ ನೀನು ನಾಲ್ಕು ಮಾತಾಡ್ಬೇಕು. ಸರ್ ಹೇಳಿಕೊಡ್ತಾರೆ, ಬಾಯಿಪಾಠ ಮಾಡ್ಕೋ."

"ಸುಲಭ ಕಣಮ್ಮಾ," ಎಂದ ಕೆನ್ನೆಮೈಕು. "'ನನ್ನ ತಮ್ಮ ಹೆದರಿದ. ಹೆದರಿಕೆಯಲ್ಲಿ ಬಡಿಯೋದು ಮರೆತ. ಅವನನ್ನ ಕೊಂದಿದ್ದು ಪೀಪಾಯಿ ಅಲ್ಲ, ಅವನ ಮನಸ್ಸು. ನಾನು ಹೆದರೋದಿಲ್ಲ.' ಇಷ್ಟು ಹೇಳಿ ಮೂರು ಚಪ್ಪಾಳೆ ತಟ್ಟಿ. ಎಲ್ಲರೂ ತಟ್ತಾರೆ. ಚಪ್ಪಾಳೆ ಮುಗೀತಿದ್ದ ಹಾಗೆ ಆ ಮುದುಕ ಅದರ ಹಿಡಿಕೆ ಎತ್ತುತ್ತಾನೆ, ಪೀಪಾಯಿ ತಿರುಗುತ್ತೆ. ನಿಮ್ಮ ದುಃಖ ಅಲ್ಲಿಗೆ ಮುಗೀತು."

"ಅವನು ಹೆದರೋನಲ್ಲ ಸಾರ್. ಹೆದರೋನಾಗಿದ್ರೆ ಒಳಗೆ ಇಳೀತಿದ್ನಾ?"

"ನೋಡಿದ್ರಾ?" ಕೆನ್ನೆಮೈಕು ಮೇನೇಜರ ಕಡೆ ತಿರುಗಿ ನಕ್ಕ. "ವಾದ. ಇವರು ಮೇಲೆ ಬರದೇ ಇರೋದು ಇದಕ್ಕೇ."

ಮೇನೇಜರಿಗೆ ನಗುವಷ್ಟು ತಾಳ್ಮೆ ಇರಲಿಲ್ಲ. "ಏಯ್ ಮುಂಡೇ, ಕೇಳಿಲ್ಲಿ. ನೀವಿರೋ ರೂಮು ಕಂಪನಿದು. ಅದು ಯಾರ ಹೆಸರಲ್ಲಿತ್ತೋ ಅವನು ಸತ್ತ. ಈಗ ನಾನು ಬೇಡ ಅಂದ್ರೆ ನಾಳೆ ಸಂಜೆ ಹೊತ್ತಿಗೆ ಬೇರೆಯವರು ಬರ್ತಾರೆ. ಅವನ ಬಸುರಿ ಹೆಂಡ್ತೀನ ಕರ್ಕೊಂಡು ಎಲ್ಲಿ ಮಲಗಿಸ್ತೀಯ, ಚರಂಡಿ ಪಕ್ಕಾನಾ? ಹೇಳ್ತೀಯೋ, ಗಂಟು ಕಟ್ತೀಯೋ?"

ಅಕ್ಕ ಹೇಳಿದಳು. ಪೇಪರಿನ ಮೇಲೆ ನಿಂತು, ನೆಲ ನೋಡಿಕೊಂಡು ಹೇಳಿದಳು.

"ಕೇಳಿಸ್ಲಿಲ್ಲ. ಹೊಟ್ಟೆಯಿಂದ ಬರ್ಬೇಕು!"

ಮತ್ತೆ ಹೇಳಿದಳು.

"ನಗ್ತಾ ಹೇಳಿ! ಗೆದ್ದೋರು ನಗ್ತಾರೆ!"

ತಮ್ಮ ಹೆದರಿದ, ತಮ್ಮ ಮರೆತ ಎಂದು ಅಕ್ಕ ಹಲ್ಲು ಬಿಟ್ಟು ಹೇಳಿದಳು. ಕೆನ್ನೆಮೈಕು ಖುಷಿಯಾಗಿ ಮೇಜಿನಿಂದ ಜಿಗಿದು ಕೈ ತಟ್ಟಿದ. ಮೇನೇಜರೂ ತಟ್ಟಿದ. ಒಂದು, ಎರಡು, ಮೂರು. ಅಕ್ಕ ಹಲ್ಲು ಬಿಟ್ಟುಕೊಂಡೇ ನಿಂತಿದ್ದಳು. ಹೊಳಪಿನ ನೆಲ ಹೊಲಸಾದೀತೆಂದು ಪೇಪರಿನಿಂದ ಬೂಟು ಆಚೆ ಇಡಲಿಲ್ಲ.

ರೂಮಿಗೆ ಬಂದಾಗ ತಮ್ಮನ ಹೆಂಡತಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಒಂದೇ ಕಿಟಕಿಯ ಕೋಣೆ. ಅತ್ತ ಒಲೆ, ಇತ್ತ ಹಾಸಿಗೆ, ನಡುವೆ ಹಗ್ಗದ ಮೇಲೆ ಕಡ್ಡಿಯ ಅಂಗಿ ಇನ್ನೂ ಹಾಗೇ ಇತ್ತು. ಒಗೆದು ಒಣಗಿ ಎಷ್ಟೋ ದಿನವಾಗಿತ್ತು. ಮಡಿಸಿಡಲು ಇಬ್ಬರಿಗೂ ಕೈ ಬಂದಿರಲಿಲ್ಲ. ಪಕ್ಕದ ಕೋಣೆಯವರು ಗೋಡೆಗೆ ಏನೋ ಮೊಳೆ ಹೊಡೆದರು. ಅಕ್ಕ ಉಸಿರು ಬಿಗಿಹಿಡಿದಳು. ನಾಲ್ಕನೇ ಏಟು ಬಿದ್ದ ಮೇಲೆ ಬಿಟ್ಟಳು. ಈಚೆಗೆ ಅವಳ ಬದುಕೇ ಹೀಗಾಗಿತ್ತು: ನಲ್ಲಿ ತೊಟ್ಟಿಕ್ಕಿದರೆ, ಬಾಗಿಲು ತಟ್ಟಿದರೆ, ಯಾರಾದರೂ ಬೂಟಿನ ಮಣ್ಣು ಕೊಡವಿದರೆ, ನಾಲ್ಕನೆಯದು ಬರುವವರೆಗೆ ಜೀವ ಕೈಯಲ್ಲಿ ಹಿಡಿದು ಕಾಯುವುದು. ಎಷ್ಟೋ ಸಲ ನಾಲ್ಕನೆಯದು ಬರುತ್ತಲೇ ಇರಲಿಲ್ಲ.

"ಒದೀತಿದೆ ಅತ್ತಿಗೆ, ನೋಡಿ ಇಲ್ಲಿ," ಎಂದು ಹುಡುಗಿ ಅವಳ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಒಂದು ಸಲ ಒದೆಯಿತು. ಇನ್ನೊಂದು ಸಲ. ಅಕ್ಕ ಮುಂದಿನದಕ್ಕೆ ಕಾಯದೆ ಕೈ ಕಿತ್ತುಕೊಂಡಳು.

ನಾಳೆಯ ಮಾತು ಹೇಳಲೇಬೇಕಾಯಿತು. ಹೇಳಿದಳು. ಹುಡುಗಿ ಸೆರಗಿನ ಎಳೆ ಕೀಳತೊಡಗಿದಳು.

"ಹೇಳಿಬಿಡಿ ಅತ್ತಿಗೆ. ಇರೋ ವಿಷಯಾನೇ ತಾನೇ? ಅವರು ಬಡೀಲಿಲ್ಲವಂತೆ. ಉಪ್ಪು ತನ್ನಿ ಅಂದ್ರೆ ಮರೀತಿದ್ರು, ಸೊಪ್ಪು ತನ್ನಿ ಅಂದ್ರೆ ಮರೀತಿದ್ರು. ಸರಿ, ಅದೆಲ್ಲ ಮರೀಲಿ. ಇದನ್ನೂ ಮರೀಬೇಕಾ? ನಾನಿದ್ದೀನಿ, ಇದೊಂದಿದೆ ಅಂತಾದ್ರೂ ನೆನಪಾಗ್ಬೇಡ್ವಾ ಆ ಮನುಷ್ಯಂಗೆ?" ಕೈಗೆ ಬಂದ ಎಳೆಯನ್ನು ಕಿತ್ತು ಒಗೆದಳು. "ನನಗೆ ಅಳು ಬರಲ್ಲ ಅತ್ತಿಗೆ. ಸಿಟ್ಟು ಬರುತ್ತೆ. ಸತ್ತೋರ ಮೇಲೆ ಸಿಟ್ಟು ಮಾಡ್ಕೊಂಡು ಕೂತಿದ್ದೀನಿ."

ಅಕ್ಕ ಇಷ್ಟು ದಿನ ಎಲ್ಲವನ್ನೂ ತಡೆದುಕೊಂಡಿದ್ದಳು. ಇದನ್ನು ತಡೆಯಲಾಗಲಿಲ್ಲ.

"ಬಡಿದ," ಎಂದಳು.

ಹುಡುಗಿ ತಲೆ ಎತ್ತಿದಳು.

"ಅವನು ಮರೀಲಿಲ್ಲ ಕಣೇ. ಬಡಿದ. ಅದೇ ಆಗ ಆಚೆ ಒಂದು ರಾಶಿ ಮುಗಿದಿತ್ತು. ನಾವು ಗೆಲುವಿನ ಚಪ್ಪಾಳೆ ಅಂದ್ಕೊಂಡ್ವಿ. ಎಲ್ಲರೂ ವಾಪಸ್ ಬಡಿದ್ವಿ. ಅವನು ಇನ್ನೊಂದು ಸಲ ಬಡಿದ. ಇವತ್ತು ಯಾರಿಗೋ ಹುರುಪು ಜಾಸ್ತಿ ಅಂತ ನಕ್ಕು, ನಾವು ಇನ್ನೂ ಜೋರಾಗಿ ಬಡಿದ್ವಿ. ನಾನೂ ಬಡಿದೆ, ಕತ್ತಿ ಹಿಡಿ ತಿರುಗಿಸಿ ದಿಮ್ಮಿಗೆ. ಆಮೇಲೆ ಮೇಸ್ತ್ರಿ ಕೈಸನ್ನೆ ಮಾಡಿದ, ಮಾವ ಆ ಪೀಪಾಯಿ ಹಿಡಿಕೆ ಎತ್ತಿದ." ಅಕ್ಕ ತನ್ನ ಕೈ ನೋಡಿಕೊಂಡಳು. "ಪೀಪಾಯಿ ತಿರುಗೋಕೆ ಶುರುವಾದ್ರೂ ನಾನು ಬಡೀತಾನೇ ಇದ್ದೆ ಕಣೇ."

ಹುಡುಗಿ ಗೋಡೆಯ ಕಡೆ ಮಗ್ಗುಲಾಗಿ ಮಲಗಿದಳು. ಎಷ್ಟೋ ಹೊತ್ತಿನ ಮೇಲೆ ಅವಳ ಬೆನ್ನು ಅಲುಗತೊಡಗಿತು. ಗಂಡ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅಕ್ಕನಿಗೆ ಹತ್ತಿರ ಹೋಗುವ ಮುಖವಿರಲಿಲ್ಲ. ಹಗ್ಗದ ಮೇಲಿನ ಅಂಗಿ ನೋಡುತ್ತ ಕೂತುಬಿಟ್ಟಳು.

ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಟಾಗ ಬಾಗಿಲ ಬಳಿ ಎರಡು ಗಂಟು ಕಟ್ಟಿಟ್ಟಿತ್ತು. ಪಾತ್ರೆ ಒಂದರಲ್ಲಿ, ಬಟ್ಟೆ ಒಂದರಲ್ಲಿ. ಒಲೆ ಗುಡಿಸಿ ತೊಳೆದಿತ್ತು. ಹಗ್ಗದ ಮೇಲೆ ಅಂಗಿ ಇರಲಿಲ್ಲ. ಹುಡುಗಿ ಅದನ್ನು ತನ್ನ ಬಟ್ಟೆಯ ಮೇಲೆ ತೊಟ್ಟುಕೊಂಡು, ಗುಂಡಿ ಹೊಟ್ಟೆಯ ಹತ್ತಿರ ಸೇರದೆ, ಗಂಟಿನ ಪಕ್ಕ ಕೂತಿದ್ದಳು.

"ಹೋಗಿ ಬನ್ನಿ ಅತ್ತಿಗೆ," ಎಂದಳು.

ದೊಡ್ಡ ಪೀಪಾಯಿಯ ಎದುರಿಗೇ ವೇದಿಕೆ ಕಟ್ಟಿದ್ದರು. ಹೆದರಿಕೆಯನ್ನು ಅದರ ಮನೆಯಲ್ಲೇ ಸೋಲಿಸಬೇಕು ಎಂದು ಕೆನ್ನೆಮೈಕಿನ ಅಪ್ಪಣೆ. ನೆಲಕ್ಕೆ ಜಮಖಾನ, ಕೊಳ್ಳುವವರಿಗೆ ಮೆತ್ತನೆಯ ಕುರ್ಚಿ, ಮೂಗು ಮುಚ್ಚಿಕೊಳ್ಳಲು ಸುವಾಸನೆಯ ಬಟ್ಟೆ. ಪೀಪಾಯಿಗೆ ಬೆಳಗ್ಗೆಯೇ ಹೊರಗಿನ ಆಳುಗಳಿಂದ ನೀರು, ತೊಗಲು ತುಂಬಿಸಿದ್ದರು. ಉಳಿದ ಪೀಪಾಯಿಗಳು ಸುತ್ತಲೂ ಉರುಳುತ್ತಿದ್ದವು. ಕೆಲಸ ನಡೆಯುತ್ತಿರುವುದು ಕೊಳ್ಳುವವರ ಕಣ್ಣಿಗೆ ಕಾಣಬೇಕಲ್ಲ. ಆ ಸದ್ದನ್ನೂ ಮೀರಿಸಿ ಕೆನ್ನೆಮೈಕಿನ ದನಿ ನಾಲ್ಕು ಮೂಲೆಯ ಪೆಟ್ಟಿಗೆಗಳಿಂದ ಗುಡುಗುತ್ತಿತ್ತು.

"ಈ ತಾಯಿ ತಮ್ಮನನ್ನ ಕಳ್ಕೊಂಡ್ರು! ಅಳ್ತಾ ಕೂತ್ರಾ? ಇಲ್ಲ! ಇವತ್ತು ಇವರ ಬಾಯಲ್ಲೇ ಕೇಳಿ!"

ಅಕ್ಕ ಮೆಟ್ಟಿಲು ಹತ್ತಿದಳು. ಕೈಗೆ ಮೈಕು ಕೊಟ್ಟರು. ಕೆಳಗೆ ಎಲ್ಲರ ಮುಖ. ಗೋಡೆಯ ಬಳಿ ಮಾವ, ದೊಡ್ಡ ಪೀಪಾಯಿಯ ಸಣ್ಣ ಹಿಡಿಕೆಯ ಮೇಲೆ ಕೈ ಇಟ್ಟು, ಕಣ್ಣು ಕೆಳಗೆ ಹಾಕಿ. ಮೇಸ್ತ್ರಿ ಅವನ ಮಗ್ಗುಲಲ್ಲೇ ನಿಂತಿದ್ದ.

"ನನ್ನ ತಮ್ಮ..." ಎಂದಳು ಅಕ್ಕ. ತನ್ನ ದನಿ ನಾಲ್ಕು ಕಡೆಯಿಂದ ತನಗೇ ವಾಪಸು ಬಂದದ್ದು ಕೇಳಿ ಬೆಚ್ಚಿದಳು.

"ಹೇಳಿ, ಹೇಳಿ! ಹೊಟ್ಟೆಯಿಂದ!"

"ನನ್ನ ತಮ್ಮ ಬಡಿದ."

ಮೇನೇಜರು ಕುರ್ಚಿಯಿಂದ ಅರ್ಧ ಎದ್ದ. ಕೆನ್ನೆಮೈಕು ಪಳಗಿದ ಆಳು, ನಗು ಕೆಡಿಸಿಕೊಳ್ಳಲಿಲ್ಲ. "ಮನಸ್ಸು ತುಂಬಿ ಬಂದಿದೆ! ಪರವಾಗಿಲ್ಲ! ಇವರಿಗೋಸ್ಕರ ಎಲ್ಲರೂ ಗೆಲುವಿನ ಚಪ್ಪಾಳೆ! ಒಂದು..."

ಅಕ್ಕ ಮೈಕನ್ನು ಜಮಖಾನದ ಮೇಲೆ ಇಟ್ಟಳು. ತಿರುಗಿ ಮೊಳೆಯಲ್ಲಿದ್ದ ಕೊಕ್ಕೆ ತೆಗೆದುಕೊಂಡಳು. ಅದರ ಹಿಡಿ ಇನ್ನೂ ಅವನ ಕೈಯ ಅಳತೆಗೇ ಸವೆದಿತ್ತು. ಎರಡೂ ಕೈಯಲ್ಲಿ ಎತ್ತಿ ದೊಡ್ಡ ಪೀಪಾಯಿಯ ಮೈಗೆ ಬಡಿದಳು. ಇನ್ನೊಮ್ಮೆ ಬಡಿದಳು. ಮತ್ತೊಮ್ಮೆ ಬಡಿದಳು.

ಚಪ್ಪಾಳೆಗೆಂದು ಎದ್ದಿದ್ದ ಕೈಗಳು ಎದ್ದಲ್ಲೇ ನಿಂತವು. ಒಂದು ಕೈಯೂ ಇನ್ನೊಂದಕ್ಕೆ ತಾಗಲಿಲ್ಲ.

ಮಾವ ತಲೆ ಎತ್ತಿದ. ಮೇಸ್ತ್ರಿ ಅವನ ತೋಳು ಹಿಡಿಯುವಷ್ಟರಲ್ಲಿ ದೊಡ್ಡ ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆ ಜಗ್ಗಿದ. ದೀಪಗಳು ಆರಿದವು. ನಾಲ್ಕು ಮೂಲೆಯ ಪೆಟ್ಟಿಗೆಗಳು ಸತ್ತವು. ಪೀಪಾಯಿಗಳು ಒಂದೊಂದಾಗಿ ಮುಲುಗುತ್ತ, ಒಳಗಿನ ನೀರನ್ನು ಕೊನೆಯ ಸಲ ಮಗುಚಿ ನಿಂತವು. ಮೇಲಿನ ಗವಾಕ್ಷಿಯ ಬೆಳಕಷ್ಟೇ ಉಳಿಯಿತು.

"ಏನಿದು? ಏನಾಯ್ತು?" ಎಂದ ಕೆನ್ನೆಮೈಕು. ಮೈಕಿಲ್ಲದ ಅವನ ಸ್ವಂತ ದನಿ ಅಷ್ಟು ಸಣ್ಣದೆಂದು ಅಂದೇ ಎಲ್ಲರಿಗೂ ತಿಳಿದದ್ದು.

"ಹಿಡಿಕೆ ಎತ್ತೋ ಮುದಿ ಸೂಳೆಮಗನೇ!" ಮೇನೇಜರು ಕಿರುಚಿದ. "ಎಲ್ಲರನ್ನೂ ಬೀದಿಗೆ ಹಾಕ್ತೀನಿ! ಎತ್ತೋ!"

ಮಾವನ ಬಾಯಿ ಎಷ್ಟೋ ದಿನದಿಂದ ತುಕ್ಕು ಹಿಡಿದಿತ್ತು. ಮಾತು ಹೊರಡಲು ಹೊತ್ತು ಹಿಡಿಯಿತು.

"ಒಳಗಿರೋನು ಮುಖ ತೋರಿಸ್ಲಿ, ಎತ್ತೀನಿ."

ಮೇನೇಜರು ಹಿಡಿಕೆಯ ಕಡೆ ನುಗ್ಗಿದ. ದಾರಿಯಲ್ಲಿ ಜನ ನಿಂತಿದ್ದರು. ಅವನನ್ನು ಯಾರೂ ತಡೆಯಲಿಲ್ಲ. ಯಾರೂ ಸರಿಯಲೂ ಇಲ್ಲ. ಕಟ್ಟಳೆ ಕಟ್ಟಳೆಯೇ, ಕೈ ಕಾಲು ಆಡಿಸುವಂತಿಲ್ಲ. ಒಬ್ಬನ ಎದೆಗೆ ಗುದ್ದಿದ, ಇನ್ನೊಬ್ಬನ ಕೆನ್ನೆಗೆ ಹೊಡೆದ. ಹೊಡೆಸಿಕೊಂಡವನೂ ಅವನ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ದೊಡ್ಡ ಪೀಪಾಯಿಯ ಬಾಯಿಯ ಮೇಲಿತ್ತು.

ಕೊಳ್ಳುವವರಲ್ಲೊಬ್ಬ ಎದ್ದು ನಿಂತು ಆ ಕಡೆಯೇ ನೋಡತೊಡಗಿದ. ಕೊನೆಗೆ ಕೆನ್ನೆಮೈಕು ಕೂಡ ತಿರುಗಿ ನೋಡಿದ, ಯಾರು ಬರುತ್ತಾರೋ ಎಂಬಂತೆ.

ಅಕ್ಕ ಕೊಕ್ಕೆ ಹಿಡಿದೇ ನಿಂತಿದ್ದಳು. ಅಂದು ತಮ್ಮನಿಗೆ ಕೊಡಬೇಕಾಗಿದ್ದ ಮೌನ ಇದು ಎಂದು ಅವಳಿಗೆ ಗೊತ್ತಿತ್ತು. ಆದರೂ ಕಣ್ಣು ಕೀಳಲಾಗಲಿಲ್ಲ. ಈಗ ತಲೆ ಹಾಕಿಯಾನು, ಈಗ ನಾಲಿಗೆ ಚಾಚಿಯಾನು ಎಂದು ಕಾಯುತ್ತಿದ್ದಳು. ಪೀಪಾಯಿಯ ಕಪ್ಪು ಬಾಯಿಯಿಂದ ಹನಿ ಹನಿಯಾಗಿ ನೀರು ಬಿದ್ದು ಹೊಸ ಜಮಖಾನ ನೆನೆಯುತ್ತಿತ್ತು. ಯಾರೂ ಕದಲಲಿಲ್ಲ.